ಬಾಳಿನ ಒರೆಗಲ್ಲು

ಒಂದು ದೇಶದ ಜನರ ಬಾಳು ಮತ್ತೊಂದು ದೇಶದ ಜನರ ಬಾಳಿಗಿಂತ ಮೇಲಾದುದೆ, ಕೀಳಾದುದೆ ಎಂಬ ವಿಚಾರ ಇಂದು ನಿನ್ನೆಯದಲ್ಲ. ಪರದೇಶಕ್ಕೆ ಹೋಗಿ ಬಂದವರು ಅಲ್ಲಿನ ಬೀದಿ, ಮನೆ, ಉಡುಗೆ ತೊಡುಗೆಗಳನ್ನು ಬಣ್ಣಿಸುತ್ತಾರೆ. ಕೇಳಿದವರು ತಮ್ಮ ಊರಿನೊಡನೆ ಹೋಲಿಸಿಕೊಳ್ಳುತ್ತಾರೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡಿದ ಮೇಲೆಯೇ ಅದಕ್ಕೆ ಬೆಲೆ ಕಟ್ಟುತ್ತಾನೆ. ಜನಜೀವನದ ಬೆಲೆ ಕಟ್ಟಲು ಯಾವ ಒರೆಗಲ್ಲನ್ನು ಬಳಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಅರಸಲು ಕೋಲಾರದ ಚಿನ್ನದ ಗಣಿ ಪ್ರದೇಶಕ್ಕಿಂತ ಉಚಿತವಾದ ಸ್ಥಳ ಕರ್ನಾಟಕದಲ್ಲಿ ಮತ್ತೊಂದು ಇರಲಾರದು. ಏಕೆಂದರೆ ಎರಡು ದೇಶಗಳ ಬಾಳು ಅಲ್ಲಿ ಒಂದೇ ನೆಲದ ಮೇಲೆ, ಕೂಗಳತೆಯ ದೂರದಲ್ಲಿ, ಎದುರುಬದುರಾಗಿ ನಿಂತಿದ್ದಿತು.

ಬಂಗಾರಪೇಟೆಯಿಂದ ಕವಲೊಡೆದು ಹೋಗುವ ಸುಮಾರು ೧೬ ಕಿಲೋಮೀಟರ್ ಉದ್ದದ ರೈಲುಮಾರ್ಗದ ಕೊನೆಯ ನಿಲ್ದಾಣ ಮಾರಿಕುಪ್ಪಂ. ಟಿಪ್ಪು ಸುಲ್ತಾನನ ಪತನದ ನಂತರ ಮೈಸೂರು ರಾಜ್ಯದ ಪೂರ್ವದ ಎಲ್ಲೆಯನ್ನು ಅಳೆಯಲು ಬಂದಿದ್ದ ವಾರನ್ ಎಂಬ ಸೇನಾಧಿಕಾರಿ, ೧೮೦೨ರಲ್ಲಿ ಈ ಪ್ರದೇಶದ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತನ್ನು ಕೇಳಿದನು. ಸ್ಥಳೀಯರು ಗುಂಡಿಗಳಿಗೆ ಇಳಿದು ಕಲ್ಲನ್ನು ತೆಗೆದು, ಕುಟ್ಟಿ ಪುಡಿಮಾಡಿ, ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುತ್ತಿದ್ದುದನ್ನು ಕಂಡು ವರದಿ ಬರೆದನು. ಬಹುಕಾಲದ ಮೇಲೆ, ೧೮೭೩ರಲ್ಲಿ, ಲವೆಲ್ ಎಂಬ ನಿವೃತ್ತ ಯೋಧನು ಗಣಿಗಾರಿಕೆಯ ಹಕ್ಕನ್ನು ಬೇಡಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದನು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಒಂದೊಂದಾಗಿ ತಲೆಯೆತ್ತಿದವು. ಕುರುಚಲು ಗಿಡಗಳ ಬಯಲಾಗಿದ್ದ ಈ ನೆಲದಲ್ಲಿ ೧೯೦೧ರ ಜನಗಣತಿಯ ವೇಳೆಗೆ ೩೮,೦೦೦ಕ್ಕೂ ಹೆಚ್ಚು ಜನರು ನೆಲೆಸಿದ್ದರು. ಸುಮಾರು ೧೨೦ ವರ್ಷಗಳ ಅವಧಿಯಲ್ಲಿ ಇಲ್ಲಿಂದ ಹೊರಬಂದ ಚಿನ್ನ ಸರಿಸುಮಾರು ೮೦೦ ಟನ್ನುಗಳಷ್ಟು.

ಗಣಿಗಳನ್ನು ನಡೆಸಲು ಬಂದ ಆಂಗ್ಲರಲ್ಲಿ ಅನೇಕರು ಕಾರ್ನ್‌ವಾಲ್ ಪ್ರಾಂತದವರು. ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಆ ಪ್ರಾಂತದಲ್ಲಿ ತವರ ಮತ್ತು ತಾಮ್ರದ ಗಣಿಗಳು ಹಿಂದಿನಿಂದಲೂ ಪ್ರಸಿದ್ಧವಾಗಿದ್ದವು. ನೆಲದಡಿಯ ಕೆಲಸದಲ್ಲಿ ನುರಿತವರಾದುದರಿಂದ ಅವರಿಗೆ ಇಲ್ಲಿ ಮೇಲ್ವಿಚಾರಣೆಯ ಸ್ಥಾನಗಳು ದೊರೆತವು. ಬಂಡೆಯನ್ನು ಕೊರೆದು ಅದಿರನ್ನು ಹೊರುವ ದುಡಿಮೆಗೆ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಮೊದಲಾದ ಕಡೆಗಳಿಂದ ಬಡ ಕೂಲಿಕಾರರು ಬಂದರು. ಅವರಲ್ಲಿ ಬಹುಮಂದಿ ತಮಿಳು ಮತ್ತು ತೆಲುಗು ಮಾತನಾಡುವ, ಊರಿನಲ್ಲಿ ಹೊಲವಿಲ್ಲದ, ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟಿದ್ದ ಜನ. ಕನ್ನಡ ನಾಡಿನ ನೆಲದಲ್ಲಿ ಹೀಗೆ ಎರಡು ದೂರದ ಜನಸಮುದಾಯಗಳು ಒಂದೇ ಚಿನ್ನಕ್ಕಾಗಿ ಬಂದು ಕೂಡಿದವು.

ಆದರೆ ಅವರ ಬಾಳು ಕೂಡಲಿಲ್ಲ. ಆಂಗ್ಲ ಅಧಿಕಾರಿಗಳಿಗೆ ವಿಶಾಲವಾದ ಬಂಗಲೆಗಳು, ಅವುಗಳ ಸುತ್ತ ಹೂದೋಟಗಳು, ಸಂಜೆಯ ವಿನೋದಕ್ಕೆ ಕ್ಲಬ್ಬು, ಗಾಲ್ಫ್ ಆಟದ ಬಯಲು, ಪ್ರಾರ್ಥನೆಗೆ ಇಗರ್ಜಿಗಳು ಇದ್ದವು. ಹವೆ ತಂಪಾಗಿದ್ದುದರಿಂದಲೂ ಈ ಏರ್ಪಾಡುಗಳಿಂದಲೂ ಆ ಭಾಗಕ್ಕೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರೇ ಬಂದಿತು. ಕೂಲಿಕಾರರು ವಾಸಿಸುತ್ತಿದ್ದುದು ‘ಲೈನು’ಗಳಲ್ಲಿ. ಬಿದಿರು ತಟ್ಟಿಯ ಗೋಡೆ, ತಗ್ಗಾದ ಮಾಡು, ಒಂದೇ ಕೋಣೆ. ಅಡಿಗೆ, ಊಟ, ನಿದ್ರೆ, ಬಾಣಂತನ ಎಲ್ಲವೂ ಅದರಲ್ಲಿಯೇ. ಒಂದು ಪಾಳಿಯವರು ಕೆಲಸದಿಂದ ಬಂದು ಮಲಗುವ ವೇಳೆಗೆ ಮತ್ತೊಂದು ಪಾಳಿಯವರು ಎದ್ದು ಹೊರಡುತ್ತಿದ್ದರು.

ವಿದ್ಯುಚ್ಛಕ್ತಿಯ ಕಥೆ ಇನ್ನೂ ಬೋಧಪ್ರದವಾದುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು ೧೪೮ ಕಿಲೋಮೀಟರ್ ದೂರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುಬಂದಿತು. ಆ ಕಾಲದಲ್ಲಿ ಜಗತ್ತಿನ ಅತ್ಯಂತ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ೧೯೦೫ರಲ್ಲಿ. ರಾಜ್ಯದ ಪ್ರಮುಖ ನಗರಕ್ಕಿಂತ ಮೊದಲೇ ಬೆಳಕನ್ನು ಕಂಡ ನೆಲ ಇದು. ಆದರೂ ಯಂತ್ರಗಳನ್ನು ತಿರುಗಿಸಿ ಬಂಗಲೆಗಳನ್ನು ಬೆಳಗಿದ ಆ ವಿದ್ಯುತ್ತು ಬಹುಕಾಲ ಲೈನುಗಳ ಬಾಗಿಲನ್ನು ತಟ್ಟಲಿಲ್ಲ. ಒಂದು ಊರಿಗೆ ವಿದ್ಯುತ್ತು ಬಂದಿದೆಯೆಂಬುದೂ ಆ ಊರಿನ ಎಲ್ಲರ ಮನೆಯಲ್ಲಿ ದೀಪ ಉರಿಯುತ್ತಿದೆಯೆಂಬುದೂ ಬೇರೆ ಬೇರೆ ಸಂಗತಿಗಳು.

ಇನ್ನು ನೆಲದಡಿಯ ದುಡಿಮೆ. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ ಸುಮಾರು ೩.೨ ಕಿಲೋಮೀಟರ್ ಆಳಕ್ಕೆ ಇಳಿದು ಪ್ರಪಂಚದ ಅತ್ಯಂತ ಆಳವಾದ ಗಣಿಗಳ ಸಾಲಿಗೆ ಸೇರಿತು. ಅಷ್ಟು ಆಳದಲ್ಲಿ ಬಂಡೆಯ ಶಾಖ ೬೦ ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಮೇಲಿನ ಭಾರದಿಂದ ಬಿಗಿದ ಬಂಡೆಗಳು ಮುನ್ಸೂಚನೆಯಿಲ್ಲದೆ ಸಿಡಿದು ಪ್ರಾಣ ತೆಗೆಯುತ್ತಿದ್ದವು. ಅದಕ್ಕಿಂತಲೂ ಮೆಲ್ಲನೆ, ಸದ್ದಿಲ್ಲದೆ ಕೊಲ್ಲುತ್ತಿದ್ದುದು ಕಲ್ಲಿನ ಧೂಳು. ಉಸಿರಿನೊಡನೆ ಒಳಹೋದ ಸೂಕ್ಷ್ಮವಾದ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ನೆಲೆನಿಂತು ಅದನ್ನು ಗಡುಸಾಗಿಸುತ್ತವೆ. ಈ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ೧೯೪೦ರಿಂದ ೧೯೪೬ರವರೆಗೆ ನಡೆದ ತಪಾಸಣೆಯಲ್ಲಿ ೭,೬೫೩ ಗಣಿ ಕೆಲಸಗಾರರ ಪೈಕಿ ಶೇಕಡ ೪೩.೭ರಷ್ಟು ಮಂದಿಗೆ ಈ ರೋಗ ತಗುಲಿರುವುದು ಕಂಡುಬಂದಿತು. ಗಣಿ ಸಂಸ್ಥೆಗಳು ಒಳ್ಳೆಯ ಆಸ್ಪತ್ರೆಯನ್ನು ನಡೆಸುತ್ತಿದ್ದುವೆಂಬುದನ್ನು ಮರೆಯಲಾಗದು. ಆದರೆ ರೋಗ ಬಂದ ಮೇಲೆ ಔಷಧ ಕೊಡುವುದು ಒಂದು, ರೋಗ ಬಾರದಂತೆ ದುಡಿಮೆಯನ್ನು ಏರ್ಪಡಿಸುವುದು ಮತ್ತೊಂದು.

ಚಿನ್ನದಿಂದ ಬಂದ ಹಣ ಎಲ್ಲಿಗೆ ಹೋಯಿತು? ಉತ್ಪನ್ನದ ಮೌಲ್ಯದಲ್ಲಿ ಶೇಕಡ ೫ರಷ್ಟು ರಾಜಧನವು ಮೈಸೂರು ಸರ್ಕಾರಕ್ಕೆ ಸಲ್ಲುತ್ತಿತ್ತು. ಖರ್ಚು ಕಳೆದು ಉಳಿದ ಲಾಭಾಂಶವು ಸಮುದ್ರವನ್ನು ದಾಟಿ ಪಾಲುದಾರರ ಕೈಸೇರುತ್ತಿತ್ತು. ಬಂಡೆಯನ್ನು ಒಡೆದವನಿಗೆ ದಿನಗೂಲಿ ದೊರೆಯುತ್ತಿತ್ತು. ನೆಲ ಎಷ್ಟೇ ಶ್ರೀಮಂತವಾಗಿದ್ದರೂ ಆ ನೆಲದ ಮೇಲೆ ನಿಂತವರೆಲ್ಲರೂ ಶ್ರೀಮಂತರಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಆಂಗ್ಲರ ಬಾಳು ಮೇಲಾಗಿರಲು ಅವರ ಕುಲಗುಣವೋ ದೇಶದ ಹವೆಯೋ ಕಾರಣವಲ್ಲವೆ? ಗಣಿ ಪ್ರದೇಶವೇ ಇದಕ್ಕೆ ಉತ್ತರ ಹೇಳುತ್ತದೆ. ಬಂಗಲೆಗೂ ಲೈನಿಗೂ ಒಂದೇ ಹವೆ, ಒಂದೇ ಮಳೆಗಾಲ, ಒಂದೇ ಮಣ್ಣು. ಹಾಗಿದ್ದ ಮೇಲೆ ಬಾಳಿನ ಭೇದಕ್ಕೆ ಹವೆಯನ್ನು ಹೊಣೆಮಾಡುವಂತಿಲ್ಲ. ಕುಲಗುಣವೂ ಕಾರಣವಲ್ಲ. ಇಲ್ಲಿ ದೊರೆಯಂತೆ ಬಾಳಿದ ಕಾರ್ನ್‌ವಾಲಿನ ಗಣಿಗಾರನು ತನ್ನ ಸ್ವದೇಶದಲ್ಲಿ ಬಡವನಾಗಿದ್ದನು. ೧೮೬೦ರ ದಶಕದಲ್ಲಿ ತಾಮ್ರದ ಬೆಲೆ ಕುಸಿದಾಗ ಅವನ ಊರಿನ ಗಣಿಗಳು ಮುಚ್ಚಿದವು. ಹೊಟ್ಟೆಪಾಡಿಗಾಗಿ ಸಾವಿರಾರು ಮಂದಿ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ವಲಸೆಹೋದರು. ಕೆಲವರು ಮೈಸೂರಿಗೂ ಬಂದರು. ಗಣಿಯ ಧೂಳು ಅಲ್ಲಿಯೂ ಗಣಿಗಾರರನ್ನು ಅಕಾಲದಲ್ಲಿ ಬಲಿ ತೆಗೆದುಕೊಂಡಿತ್ತು. ಮನುಷ್ಯನು ಬದಲಾಗಲಿಲ್ಲ, ಅವನಿಗೆ ದೊರೆತ ಮನೆ, ಸಂಬಳ, ಸ್ಥಾನಮಾನಗಳು ಬದಲಾದವು, ಅವುಗಳೊಡನೆ ಅವನ ಬಾಳೂ ಬದಲಾಯಿತು.

ಇಂಗ್ಲೆಂಡ್ ದೇಶವೂ ಮೊದಲಿನಿಂದ ಸುಖದ ನಾಡಾಗಿರಲಿಲ್ಲ. ೧೮೪೨ರಲ್ಲಿ ಎಡ್ವಿನ್ ಚಾಡ್ವಿಕ್ ಅಲ್ಲಿನ ದುಡಿಯುವ ಜನರ ಆರೋಗ್ಯಸ್ಥಿತಿಯನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದನು. ಮ್ಯಾಂಚೆಸ್ಟರ್ ನಗರದಲ್ಲಿ ಸತ್ತ ಸ್ಥಿತಿವಂತರ ಸರಾಸರಿ ವಯಸ್ಸು ೩೮ ವರ್ಷವಾಗಿದ್ದರೆ ಕೂಲಿಕಾರ ಕುಟುಂಬಗಳಲ್ಲಿ ಅದು ಕೇವಲ ೧೭ ಆಗಿತ್ತು. ಎಳೆಯ ಕೂಸುಗಳ ಸಾವು ಅಷ್ಟು ಹೆಚ್ಚಾಗಿದ್ದುದೇ ಇದಕ್ಕೆ ಕಾರಣ. ರಟ್ಲೆಂಡ್ ಎಂಬ ಹಳ್ಳಿಗಾಡಿನಲ್ಲಿ ಕೂಲಿಕಾರರ ಸರಾಸರಿಯೂ ೩೮ ಇದ್ದಿತು. ಎಂದರೆ, ಶುದ್ಧವಾದ ಗಾಳಿ ನೀರುಗಳಿದ್ದ ಹಳ್ಳಿಯ ಬಡವನು ಕೊಳಕು ನಗರದ ಧನಿಕನಿಗೆ ಸರಿಸಮನಾಗಿ ಬದುಕುತ್ತಿದ್ದನು. ಹಣವೊಂದೇ ಆಯುಸ್ಸನ್ನು ಕೊಳ್ಳಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಆ ದೇಶದಲ್ಲಿ ೧೮೪೮ ಮತ್ತು ೧೮೭೫ರಲ್ಲಿ ಸಾರ್ವಜನಿಕ ಆರೋಗ್ಯದ ಕಾಯಿದೆಗಳೂ ೧೮೭೦ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಬಂದವು. ಚರಂಡಿ, ಕೊಳಾಯಿ, ಶಾಲೆಗಳು ಹರಡಿದವು. ೧೯೪೮ರಲ್ಲಿ ಎಲ್ಲ ಪ್ರಜೆಗಳಿಗೂ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಸ್ಥಾಪನೆಗೊಂಡಿತು. ಇಂಗ್ಲೆಂಡಿನ ಜನರ ನೆಮ್ಮದಿ ಆಕಾಶದಿಂದ ಇಳಿದುಬಂದುದಲ್ಲ, ಒಂದು ಶತಮಾನದ ಹೋರಾಟದಿಂದಲೂ ಶಾಸನಗಳಿಂದಲೂ ಕಟ್ಟಿಕೊಂಡುದು.

ಎರಡು ದೇಶಗಳ ಬಾಳನ್ನು ಅಂಕಿಗಳ ಮೂಲಕ ತೂಗಿ ನೋಡಿದ ಭಾರತೀಯರಲ್ಲಿ ದಾದಾಭಾಯಿ ನವರೋಜಿ ಮೊದಲಿಗರು. ಭಾರತೀಯನೊಬ್ಬನ ವಾರ್ಷಿಕ ವರಮಾನವು ಸರಾಸರಿ ೨೦ ರೂಪಾಯಿ ಮಾತ್ರವೆಂದು ೧೮೬೭–೬೮ರ ಲೆಕ್ಕದಿಂದ ಅವರು ತೋರಿಸಿದರು. ಸೆರೆಮನೆಯ ಕೈದಿಯೊಬ್ಬನ ಅನ್ನ ಬಟ್ಟೆಗೆ ತಗಲುವ ವೆಚ್ಚಕ್ಕಿಂತಲೂ ಅದು ಕಡಿಮೆಯಾಗಿತ್ತು. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಕಣ್ಣಾರೆ ಕಂಡರು. ವರಮಾನ, ಸಾಕ್ಷರತೆ, ಆಯುಸ್ಸು ಇವುಗಳಲ್ಲಿ ಭಾರತವು ಇತರ ದೇಶಗಳಿಗಿಂತ ಎಷ್ಟು ಹಿಂದುಳಿದಿದೆಯೆಂಬುದನ್ನು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸಿದರು. ಅವರ ಹೋಲಿಕೆ ಹಲುಬಿಕೆಗಾಗಿ ಅಲ್ಲ, ಕೆಲಸಕ್ಕಾಗಿ. ಅವರು ದಿವಾನರಾಗಿದ್ದಾಗ, ೧೯೧೩ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಜಾರಿಗೆ ಬಂದಿತು.

ಮುಂದಿನ ವಿದ್ವಾಂಸರು ವರಮಾನವೊಂದೇ ಸಾಲದೆಂಬುದನ್ನು ಮನಗಂಡರು. ೧೯೭೯ರಲ್ಲಿ ಮಾರಿಸ್ ಡಿ. ಮಾರಿಸ್ ಎಂಬ ಅರ್ಥಶಾಸ್ತ್ರಜ್ಞನು ಶಿಶುಮರಣ, ಆಯುಸ್ಸು, ಸಾಕ್ಷರತೆ ಈ ಮೂರನ್ನು ಸೇರಿಸಿ ಬದುಕಿನ ಭೌತಿಕ ಗುಣಮಟ್ಟದ ಸೂಚ್ಯಂಕವನ್ನು ರಚಿಸಿದನು. ೧೯೯೦ರಲ್ಲಿ ಪಾಕಿಸ್ತಾನದ ಮಹಬೂಬ್ ಉಲ್ ಹಕ್ ಅವರು ಭಾರತದ ಅಮರ್ತ್ಯ ಸೇನ್ ಅವರ ನೆರವಿನೊಡನೆ ವಿಶ್ವಸಂಸ್ಥೆಯ ಆಶ್ರಯದಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿದರು. ಆಯುಸ್ಸು, ವಿದ್ಯೆ, ವರಮಾನ ಇವು ಅದರ ಮೂರು ಅಂಗಗಳು. ೨೦೨೩ರ ಅಂಕಿಅಂಶಗಳಂತೆ ಈ ಸೂಚ್ಯಂಕದಲ್ಲಿ ಬ್ರಿಟನ್ ೦.೯೪೬ ಅಂಕ ಪಡೆದು ೧೩ನೆಯ ಸ್ಥಾನದಲ್ಲಿಯೂ, ಭಾರತ ೦.೬೮೫ ಅಂಕ ಪಡೆದು ೧೩೦ನೆಯ ಸ್ಥಾನದಲ್ಲಿಯೂ ಇದ್ದವು. ಅಂತರವು ದೊಡ್ಡದೇ ಸರಿ. ಆದರೆ ನಡೆದು ಬಂದ ದಾರಿಯನ್ನೂ ನೋಡಬೇಕು. ೧೯೫೧ರ ಸುಮಾರಿಗೆ ಭಾರತೀಯನ ನಿರೀಕ್ಷಿತ ಆಯುಸ್ಸು ೩೨ ವರ್ಷ. ಇಂದು ಅದು ೭೦ರ ಆಸುಪಾಸಿಗೆ ಏರಿದೆ. ೧೯೫೧ರಲ್ಲಿ ನೂರಕ್ಕೆ ೧೮ ಮಂದಿ ಮಾತ್ರ ಅಕ್ಷರಸ್ಥರು. ೨೦೧೧ರಲ್ಲಿ ೭೪ ಮಂದಿ.

ಸರಾಸರಿಯೆಂಬುದನ್ನು ಎಚ್ಚರಿಕೆಯಿಂದ ಬಳಸಬೇಕು. ಒಂದು ಬಂಗಲೆಯ ವರಮಾನವನ್ನೂ ಹತ್ತು ಲೈನು ಮನೆಗಳ ವರಮಾನವನ್ನೂ ಕೂಡಿಸಿ ಹನ್ನೊಂದರಿಂದ ಭಾಗಿಸಿದರೆ ಬರುವ ಮೊತ್ತವು ಬಂಗಲೆಯವನದೂ ಅಲ್ಲ, ಲೈನಿನವನದೂ ಅಲ್ಲ. ದೇಶದ ಲೆಕ್ಕವೂ ಹಾಗೆಯೇ. ೨೦೨೦ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ೨೮ ಶಿಶುಗಳು ವರ್ಷ ತುಂಬುವ ಮೊದಲೇ ಅಸುನೀಗಿದವು. ಕೇರಳದಲ್ಲಿ ಆ ಸಂಖ್ಯೆ ೬, ಕರ್ನಾಟಕದಲ್ಲಿ ೧೯, ಮಧ್ಯಪ್ರದೇಶದಲ್ಲಿ ೪೩. ಬ್ರಿಟನ್ನಿನಲ್ಲಿ ಸುಮಾರು ೪. ಈ ವಿಷಯದಲ್ಲಿ ಕೇರಳವು ಮಧ್ಯಪ್ರದೇಶಕ್ಕಿಂತ ಬ್ರಿಟನ್ನಿಗೇ ಹೆಚ್ಚು ಹತ್ತಿರವಾಗಿದೆ. ದೇಶ ದೇಶಗಳ ನಡುವೆ ಕಾಣುವ ಗಡಿಗಳು ಒಂದು ದೇಶದ ಒಳಗೂ, ಒಂದು ಊರಿನ ಒಳಗೂ ಇರಬಲ್ಲವು.

ಅಂಕಿಗಳಿಗೆ ಸುಲಭವಾಗಿ ಸಿಲುಕದ ಇನ್ನೊಂದು ಅಂಶವಿದೆ: ಅದು ಮನುಷ್ಯನ ಮಾನ. ೧೯೩೦ರಲ್ಲಿ ಗಣಿ ಕೆಲಸಗಾರರು ಸುಮಾರು ಮೂರು ವಾರಗಳ ಕಾಲ ಮುಷ್ಕರ ಹೂಡಿದರು. ಕೆಲಸಗಾರರೆಲ್ಲರ ಬೆರಳಚ್ಚನ್ನು ಪಡೆದು ನೋಂದಾಯಿಸುವ ಏರ್ಪಾಡು ಅವರನ್ನು ಕೆರಳಿಸಿತ್ತು. ಅಪರಾಧಿಗಳ ಬೆರಳಚ್ಚನ್ನು ತೆಗೆದುಕೊಳ್ಳುವಂತೆ ದುಡಿಯುವವರ ಬೆರಳಚ್ಚನ್ನು ತೆಗೆದುಕೊಳ್ಳುವುದು ಅವಮಾನವೆಂದು ಅವರು ಬಗೆದರು. ಅಕ್ಷರ ಬಾರದ ಆ ಜನರಿಗೆ ಬದುಕಿನ ಗುಣಮಟ್ಟವೆಂಬ ಮಾತು ತಿಳಿದಿರಲಿಲ್ಲ. ಆದರೆ ಅನ್ನದಂತೆಯೇ ಗೌರವವೂ ಬಾಳಿಗೆ ಬೇಕೆಂಬುದು ಚೆನ್ನಾಗಿ ತಿಳಿದಿತ್ತು.

೧೯೫೬ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ೧೯೬೨ರಲ್ಲಿ ಅವು ಕೇಂದ್ರ ಸರ್ಕಾರದ ವಶಕ್ಕೆ ಬಂದವು; ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಆಳ ಹೆಚ್ಚಿದಂತೆ ವೆಚ್ಚ ಏರಿತು, ಅದಿರಿನಲ್ಲಿ ಚಿನ್ನದ ಅಂಶ ಇಳಿಯಿತು. ೨೦೦೧ರ ಫೆಬ್ರವರಿ ಅಂತ್ಯದಲ್ಲಿ ಗಣಿಗಳು ಮುಚ್ಚಿದವು. ಚಿನ್ನ ಹೋಯಿತು, ಅದಿರನ್ನು ಅರೆದು ಸೈನೈಡಿನಿಂದ ಸಂಸ್ಕರಿಸಿದ ಮೇಲೆ ಉಳಿದ ಹುಡಿಯ ದಿಬ್ಬಗಳು ನಿಂತವು. ಮೂರು ಕೋಟಿ ಟನ್ನಿಗೂ ಮೀರಿದ ಆ ರಾಶಿಯಿಂದ ಗಾಳಿ ಬೀಸಿದಾಗ ಧೂಳೆದ್ದು ಮನೆಗಳ ಮೇಲೆ ಕವಿಯುತ್ತದೆ. ಗಾಳಿ, ನೀರು, ನೆಲ ಇವುಗಳ ಶುಚಿತ್ವವನ್ನು ಬಿಟ್ಟು ಬಾಳಿನ ಗುಣಮಟ್ಟವನ್ನು ಅಳೆಯಲಾಗದೆಂಬುದಕ್ಕೆ ಆ ದಿಬ್ಬಗಳು ಸಾಕ್ಷಿಯಾಗಿವೆ.

ಆದರೆ ಬಾಳು ಅಲ್ಲಿಗೇ ನಿಲ್ಲಲಿಲ್ಲ. ಕೂಲಿಕಾರರ ಮಕ್ಕಳು ಮತ್ತು ಮೊಮ್ಮಕ್ಕಳು ಶಾಲೆ ಕಾಲೇಜುಗಳ ಮೆಟ್ಟಿಲು ಹತ್ತಿದ್ದರು. ಇಂದು ಬೆಳಗಿನ ಜಾವದಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಗಣಿ ಪ್ರದೇಶದ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಸಾಗುತ್ತವೆ. ದಿನಕ್ಕೆ ನಾಲ್ಕೈದು ಗಂಟೆಗಳನ್ನು ಪ್ರಯಾಣದಲ್ಲಿ ಕಳೆದು ಅವರು ಕಚೇರಿ, ಕಾರ್ಖಾನೆ, ಅಂಗಡಿಗಳಲ್ಲಿ ದುಡಿದು ರಾತ್ರಿ ಮರಳುತ್ತಾರೆ. ಅದು ಬಳಲಿಕೆಯ ಬದುಕು. ಊರಿನಲ್ಲಿಯೇ ಉದ್ಯೋಗ ದೊರೆಯಬೇಕೆಂಬ ಅವರ ಬಯಕೆ ನ್ಯಾಯವಾದುದು. ಆದರೂ ಅಜ್ಜನು ಒಂದೇ ದಾರಿಯನ್ನು ಬಲ್ಲವನಾಗಿದ್ದನು. ಅದು ನೆಲದಡಿಗೆ ಇಳಿಯುವ ದಾರಿ. ಓದು ಕಲಿತ ಮೊಮ್ಮಗಳ ಮುಂದೆ ಹಲವು ದಾರಿಗಳಿವೆ. ಹೀಗೆ ಆರಿಸಿಕೊಳ್ಳುವ ಸಾಮರ್ಥ್ಯವನ್ನೇ ಅಮರ್ತ್ಯ ಸೇನರು ಅಭಿವೃದ್ಧಿಯ ತಿರುಳೆಂದು ಕರೆದಿದ್ದಾರೆ.

ಆದುದರಿಂದ ಎರಡು ದೇಶಗಳನ್ನು ಹೋಲಿಸುವವರು ಬೊಕ್ಕಸದಲ್ಲಿರುವ ಚಿನ್ನವನ್ನು ಎಣಿಸಿ ಸುಮ್ಮನಾಗಬಾರದು. ಅಲ್ಲಿ ಹುಟ್ಟಿದ ಕೂಸು ಬದುಕಿ ಉಳಿಯುವುದೆ? ಶಾಲೆಗೆ ಹೋಗುವುದೆ? ದುಡಿಯುವವನು ಆರೋಗ್ಯವಾಗಿ ಮನೆಗೆ ಮರಳುವನೆ? ಕುಡಿಯುವ ನೀರು, ಉಸಿರಾಡುವ ಗಾಳಿ ಶುದ್ಧವಾಗಿವೆಯೆ? ಅನ್ಯಾಯವಾದಾಗ ಬಡವನ ಮಾತಿಗೆ ಬೆಲೆಯುಂಟೆ? ಈ ಪ್ರಶ್ನೆಗಳೇ ಬಾಳಿನ ಒರೆಗಲ್ಲು. ಬಂಗಲೆಯ ಮುಂದೆ ನಿಂತು ಕೇಳಿದರೆ ಸಾಲದು; ಲೈನಿನ ಕೊನೆಯ ಮನೆಯ ಬಾಗಿಲಲ್ಲಿ ನಿಂತು ಇವುಗಳನ್ನು ಕೇಳಬೇಕು. ಅಲ್ಲಿ ದೊರೆಯುವ ಉತ್ತರವೇ ಆ ದೇಶದ ನಿಜವಾದ ಬೆಲೆ.

ಅಭ್ಯಾಸ

ಪದಗಳ ಅರ್ಥ
ಒರೆಗಲ್ಲು – ಚಿನ್ನದ ಗುಣವನ್ನು ತಿಕ್ಕಿ ಪರೀಕ್ಷಿಸುವ ಕಲ್ಲು
ಕೂಗಳತೆ – ಕೂಗಿದರೆ ಕೇಳಿಸುವಷ್ಟು ದೂರ
ಇಗರ್ಜಿ – ಕ್ರೈಸ್ತರ ಪ್ರಾರ್ಥನಾ ಮಂದಿರ
ರಾಜಧನ – ಭೂಮಿಯಿಂದ ತೆಗೆದ ಖನಿಜಕ್ಕಾಗಿ ಸರ್ಕಾರಕ್ಕೆ ಸಲ್ಲಿಸುವ ಪಾಲು
ಹಲುಬಿಕೆ – ಗೋಳಾಟ, ಕೊರಗು
ಸೂಚ್ಯಂಕ – ಸ್ಥಿತಿಗತಿಯನ್ನು ತೋರಿಸಿಕೊಡುವ ಅಂಕಿ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಮಾರಿಕುಪ್ಪಂ ಪ್ರದೇಶದ ಚಿನ್ನವನ್ನು ಕುರಿತು ೧೮೦೨ರಲ್ಲಿ ವರದಿ ಬರೆದವರು ಯಾರು?
೨. ಗಣಿಗಳಿಗೆ ವಿದ್ಯುತ್ತು ಎಲ್ಲಿಂದ ಬಂದಿತು?
೩. ಮಾನವ ಅಭಿವೃದ್ಧಿ ಸೂಚ್ಯಂಕದ ಮೂರು ಅಂಗಗಳು ಯಾವುವು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಬಂಗಲೆಯ ಬಾಳಿಗೂ ಲೈನಿನ ಬಾಳಿಗೂ ಇದ್ದ ಅಂತರವನ್ನು ವಿವರಿಸಿರಿ.
೨. ಬಾಳಿನ ಭೇದಕ್ಕೆ ಹವೆಯಾಗಲಿ ಕುಲಗುಣವಾಗಲಿ ಕಾರಣವಲ್ಲವೆಂಬುದನ್ನು ಪಾಠವು ಹೇಗೆ ಸಮರ್ಥಿಸುತ್ತದೆ?
೩. ಸರಾಸರಿಯನ್ನು ಎಚ್ಚರಿಕೆಯಿಂದ ಬಳಸಬೇಕು ಏಕೆ?
೪. ೧೯೩೦ರ ಮುಷ್ಕರದಿಂದ ತಿಳಿದುಬರುವ ಸತ್ಯವೇನು?

ಇ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಒರೆಗಲ್ಲು, ಕೂಗಳತೆ, ಮಳೆಗಾಲ, ಚಿನ್ನವನ್ನು

ಈ) ನಿಮ್ಮ ಊರಿನ ಎರಡು ಬೀದಿಗಳನ್ನು ಆರಿಸಿಕೊಂಡು, ನೀರು, ದೀಪ, ಶಾಲೆ, ಚಿಕಿತ್ಸೆ ಈ ವಿಷಯಗಳಲ್ಲಿ ಅವುಗಳ ಸ್ಥಿತಿಯನ್ನು ಹೋಲಿಸಿ ಒಂದು ಪುಟದಷ್ಟು ಬರೆಯಿರಿ.